ಸ್ಕೂಟರಿನ ನಾಬಿನ ಮೇಲೆ ವಾಸವಿರುವ ಮೊಲದವರಿಗೆ

ಮಾನ್ಯ ಮೊಲದವರೇ,

ನಡೆಯಲಾಗದವರು ಕುಳಿತು ಓಡಾಡುವ ಮೂರು ಚಕ್ರದ ಬ್ಯಾಟರಿ ಸ್ಕೂಟರಿನ ವೇಗ ಏರಿಳಿಸಲು ತಿರುಗಿಸುವ ನಾಬಿನಲ್ಲಿ, ನಿಧಾನದ ತುದಿಗೆ ಆಮೆಯವರೂ ಜೋರಿನ ತುದಿಗೆ ತಾವೂ ಚಿತ್ರರೂಪದಲ್ಲಿ ಬಿಜಯಂಗೈದಿರುವುದನ್ನು ಕಂಡು, ಎರಡೂ ಮಂಡಿ ಸವೆದು ಮೂಲೆ ಸೇರಿರುವ ಈ ನಿವೃತ್ತ ಬಸ್ ಚಾಲಕ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂಬುದು ಕಾಗದದ ಮೇಲಿನ ಮಾತು. ನಿಜವಾಗಿ ಬಗ್ಗಿದರೆ ಎಬ್ಬಿಸಲು ಇಬ್ಬರು ಬೇಕು. ತಮ್ಮ ಕಿವಿ, ಬಾಲ, ಮೀಸೆಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮವನ್ನು ತಾವು ಪೇಟೆಯ ಔಷಧಿ ಅಂಗಡಿಯವನಲ್ಲಿ ವಿಚಾರಿಸಬಹುದು.

ದೂರಿಗೆ ಬರುವ ಮುನ್ನ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ಜನ ಬಾಗಿಲಲ್ಲಿ ನೇತಾಡುತ್ತಿದ್ದ ಬಸ್ಸನ್ನು ಹಾಲಿನ ಲಾರಿಗೂ ಕಾಂಪೌಂಡ್ ಗೋಡೆಗೂ ನಡುವೆ ಬಣ್ಣ ತರಚದಂತೆ ತೂರಿಸಿದ ಕೈ ಇದು. ಅಂಥವನನ್ನು ಆಸ್ಪತ್ರೆಯ ಹಿಂದಿನ ಖಾಲಿ ಜಾಗದಲ್ಲಿ, ರಸ್ತೆ ರಿಪೇರಿಯವರು ಇಡುವಂಥ, ಸಾಲಾಗಿ ನಿಲ್ಲಿಸಿದ ಚೂಪು ಪ್ಲಾಸ್ಟಿಕ್ ಟೋಪಿಗಳ ಎದುರು ಕೂರಿಸಿ, ಫಿಸಿಯೋಥೆರಪಿಯ ಡಾಕ್ಟರಮ್ಮ ಸುರಕ್ಷಿತ ಚಾಲನೆಯ ಪಾಠ ಶುರುಮಾಡಿದಾಗ ನಾನು ಒಳಗೊಳಗೇ ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ. ಹ್ಯಾಂಡಲ್ಲಿನ ಲಿವರ್ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ, ಕಾಲಿಗೆ ಇಲ್ಲಿ ಕೆಲಸವೇ ಇಲ್ಲ ಎಂದು ಆಕೆ ಎರಡೆರಡು ಸಲ ಹೇಳಿದರು. ಮೊದಲ ಟೋಪಿ ಎದುರಾದೊಡನೆ ನನ್ನ ಬಲಗಾಲು ಹಳೆಯ ನಿಷ್ಠೆಯಿಂದ ಬ್ರೇಕನ್ನು ತುಳಿಯಿತು. ಬ್ರೇಕು ಅಲ್ಲಿರಲಿಲ್ಲ. ಹೆದರಿದ ಕೈ ಲಿವರನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು, ಸ್ಕೂಟರು ಅದನ್ನು ಪ್ರೋತ್ಸಾಹವೆಂದು ಭಾವಿಸಿ ಇನ್ನಷ್ಟು ಓಡಿತು, ಟೋಪಿಗಳೆಲ್ಲ ಮಲಗಿದ ಮೇಲೆ ಕಾವಲುಗಾರನ ಕುರ್ಚಿಯೂ ಮಲಗಿತು. ಆ ಹೊತ್ತಿಗೆ ಕಾವಲುಗಾರ ಅದರಲ್ಲಿರಲಿಲ್ಲವೆಂಬುದು ಅವನ ಹೆಂಡತಿಯ ಪುಣ್ಯ.

“ತಾತ, ಭಯ ಆದಾಗ ಕೈ ಬಿಡ್ಬೇಕು, ಹಿಡ್ಕೋಬಾರ್ದು” ಎಂದರು ಡಾಕ್ಟರಮ್ಮ. ಭಯವಾದಾಗ ಹಿಡಿದದ್ದನ್ನು ಬಿಡುವ ಜೀವಿ ಈ ಭೂಮಿಯ ಮೇಲೆ ಹುಟ್ಟಿದೆಯೇ, ಈ ವಿಷಯದಲ್ಲಿ ತಮ್ಮ ಕುಲದ ಅನುಭವವೇನು ಎಂಬುದನ್ನು ಬಿಡುವು ಮಾಡಿಕೊಂಡು ತಿಳಿಸಬೇಕಾಗಿ ಕೋರಿಕೆ. ನನ್ನನ್ನು ತಾತ ಎಂದದ್ದರ ಬಗ್ಗೆ ಬೇರೆಯೇ ದೂರು ಕೊಡುವವನಿದ್ದೇನೆ.

ಇನ್ನು ಔಷಧಿ ಅಂಗಡಿಯ ವಿಚಾರ. ಬಸ್ಸು ತಿರುಗಿಸುವವನು ಮೊದಲು ಹೊರಕ್ಕೆ ಹೋಗಿ ಆಮೇಲೆ ಒಳಕ್ಕೆ ಎಳೆಯಬೇಕು. ಇಲ್ಲದಿದ್ದರೆ ಹಿಂದಿನ ಚಕ್ರ ಮೂಲೆಯಲ್ಲಿ ನಿಂತವನ ಕಾಲ ಮೇಲೆ ಹತ್ತುತ್ತದೆ. ಈ ನಿಯಮವನ್ನು ನಾನು ಕೆಮ್ಮಿನ ಔಷಧಿಗೂ ಮಕ್ಕಳ ಪೌಡರಿಗೂ ನಡುವಿನ ಓಣಿಯಲ್ಲಿ ಶಿಸ್ತಾಗಿ ಪಾಲಿಸಿದ್ದರಿಂದ ಹಲ್ಲುಜ್ಜುವ ಬ್ರಷ್ಷುಗಳ ಸ್ಟ್ಯಾಂಡು ನನ್ನೊಂದಿಗೆ ಬಾಗಿಲವರೆಗೂ ಬಂದು ಬೀಳ್ಕೊಟ್ಟಿತು. ಅಲ್ಲಿಂದ ಮನೆಗೆ ಬರುವಾಗ ದಾರಿಯಲ್ಲಿ ಸಿಕ್ಕ ಪ್ರತಿ ಬಸ್ ನಿಲ್ದಾಣದಲ್ಲೂ ಕೈ ತಾನಾಗಿಯೇ ನಿಲ್ಲಿಸಿತು. ಕಾಯುತ್ತಿದ್ದವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ, ಯಾರೂ ಹತ್ತಲಿಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಮಾತನ್ನು ತಮ್ಮ ಸಮ್ಮುಖದಲ್ಲಿ ಎತ್ತುವುದು ಸಭ್ಯತೆಯಲ್ಲ. ಆದರೆ ಅಂದು ನನ್ನ ಮಗಳು ನನ್ನನ್ನು ಕುರಿತು ಅದನ್ನೇ ಅಂದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನಿಂದ ಊರಿನವರ ರಕ್ತ ಪರೀಕ್ಷಿಸಿ ಬರುವವಳು, ಮನೆಗೆ ಬಂದು ಅಪ್ಪನ ತಾಳ್ಮೆ ಪರೀಕ್ಷಿಸುತ್ತಾಳೆ. ಸ್ಕೂಟರು ಬಾಡಿಗೆಯದು. ಇನ್ನೊಂದು ಸಲ ಯಾವುದಕ್ಕಾದರೂ ತಾಗಿದರೆ ಅದನ್ನು ವಾಪಸು ಕಳಿಸಿ ನನ್ನನ್ನು ಮತ್ತೆ ಗಾಲಿಕುರ್ಚಿಯಲ್ಲಿ ತಾನೇ ತಳ್ಳಿಕೊಂಡು ಹೋಗುವುದಾಗಿ ತೀರ್ಪು ಕೊಟ್ಟಳು. ಅಲ್ಲಿಯವರೆಗೆ ನಾನು ಹೋದಲ್ಲೆಲ್ಲ ಹಿಂದೆ ನಡೆದು ಬರುವುದಾಗಿಯೂ ಹೇಳಿದಳು.

ತಳ್ಳಿಸಿಕೊಂಡು ಹೋಗುವುದರಲ್ಲಿ ಏನು ತೊಂದರೆ ಎಂದು ತಾವು ಕೇಳಬಹುದು. ಸಂಜೆಯಾದರೆ ಡಿಪೋ ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ನಮ್ಮ ಹಳೆಯ ಡ್ರೈವರು, ಕಂಡಕ್ಟರುಗಳು ಸೇರುತ್ತಾರೆ. ಮಗಳು ಪಕ್ಕದಲ್ಲಿ ಕೈಗಡಿಯಾರ ನೋಡುತ್ತ ನಿಂತಿದ್ದರೆ ಆ ಮಹನೀಯರ ಬಾಯಿಂದ ಒಂದಾದರೂ ಒಳ್ಳೆಯ ಬೈಗುಳ ಹೊರಡುವುದಿಲ್ಲ. ನನ್ನ ಜೊತೆಯಲ್ಲೇ ದುಡಿದ ಕಂಡಕ್ಟರು, ಇಡೀ ಡಿಪೋಗೆ ಬೈಗುಳದ ಮೇಷ್ಟ್ರು, ಅವಳನ್ನು ಕಂಡೊಡನೆ ನನಗೆ ಬಹುವಚನ ಹಚ್ಚಿ ಸಕ್ಕರೆ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಡುತ್ತಾನೆ. ಅವಳಿಗಾದರೂ ಸಂಜೆಯೆಂಬುದು ಬೇಡವೇ? ನನ್ನ ಬೆನ್ನ ಹಿಂದೆ ಅವಳ ಚಪ್ಪಲಿಯ ಸದ್ದು ಕೇಳುವಾಗಲೆಲ್ಲ ನನಗೆ ಸಿಟ್ಟೂ ಬರುತ್ತಿತ್ತು, ಅವಳ ಮೇಲೆ ಮರುಕವೂ ಬರುತ್ತಿತ್ತು.

ಈಗ ತಮ್ಮ ಮೇಲಿನ ದೂರು. ಮೊನ್ನೆ ಗೆಳೆಯರಿಗೆಂದು ಕೊಂಡ ಬಿಸ್ಕತ್ತಿನ ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಡಿಪೋಗೆ ಹೋಗುವ ದಾರಿಯಲ್ಲಿನ ಇಳಿಜಾರಿಗೆ ಬಂದೆ. ಮಗಳು ಕೆಳಗೆ ವಾಹನ ಬರುತ್ತಿದೆಯೇ ಎಂದು ನೋಡಲು ಮುಂದೆ ಹೋಗಿದ್ದಳು. ಚೀಲ ಓಲಾಡಿತು, ಅದರ ಹಿಡಿ ನಾಬಿಗೆ ಸಿಕ್ಕಿಕೊಂಡಿತು, ನಾಬು ಆಮೆಯವರ ಸನ್ನಿಧಿಯಿಂದ ನೇರ ತಮ್ಮ ಸನ್ನಿಧಿಗೆ ತಿರುಗಿತು. ತಾವು ಒಂದು ಕ್ಷಣವೂ ಯೋಚಿಸದೆ ನನ್ನನ್ನು ಸ್ವೀಕರಿಸಿದಿರಿ. ಎಂಥ ಆತಿಥ್ಯ! ಸ್ಕೂಟರು ಹಾರಿತು. ಮಗಳು ತಿರುಗಿ ನೋಡಿ, ಪಕ್ಕಕ್ಕೆ ಸರಿಯುವ ಬದಲು ಎರಡೂ ಕೈ ಚಾಚಿ ನನಗೆ ಅಡ್ಡ ನಿಂತಳು. ಕಾಲು ತುಳಿಯಿತು. ಕೈ ಬಿಗಿಯಿತು. ಅವಳ ಮುಖ ದೊಡ್ಡದಾಗುತ್ತ ಬಂತು, ನನ್ನ ಜೀವ ಬಾಯಿಗೆ ಬಂತು, ಆಗ ಅದು ಹೇಗೋ ನನ್ನ ಕೈ ಲಿವರನ್ನು ಬಿಟ್ಟಿತು.

ಅವಳ ಮೊಣಕಾಲಿಗೆ ಒಂದು ಗೇಣು ಇರುವಂತೆ ಸ್ಕೂಟರು ನಿಂತಿತು. ಅವಳು ನಾಬನ್ನು ಆಮೆಯ ಕಡೆ ತಿರುಗಿಸಿದಳು. ಇನ್ನು ಸ್ಕೂಟರು ವಾಪಸ್ಸೇ ಎಂದು ನಾನು ತಲೆ ತಗ್ಗಿಸಿದೆ. “ಕೈ ಬಿಟ್ರಲ್ಲಪ್ಪ” ಎಂದಳು. ಬಿಸ್ಕತ್ತಿನ ಚೀಲವನ್ನು ಬಿಡಿಸಿ ನನ್ನ ಮಡಿಲಿಗಿಟ್ಟು, “ನಾಳೆಯಿಂದ ನಾನು ಹಿಂದೆ ಬರಲ್ಲ. ಒಬ್ರೇ ಹೋಗಿ” ಎಂದಳು.

ನಿನ್ನೆ ಒಬ್ಬನೇ ಹೋದೆ. ದಾರಿಯಲ್ಲಿ ಹಿಂದೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ, ಖುಷಿಯಾಗಬೇಕಾದ ಜಾಗದಲ್ಲಿ ಸುಮ್ಮನೆ ಅಳು ಬಂತು. ಬೆಂಚಿನ ಹತ್ತಿರ ಬಂದಾಗ ಕಂಡಕ್ಟರು ನನ್ನ ಹಿಂದೆ ಇಣುಕಿ, ಮಗಳಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ವಂಶವನ್ನೂ ಸ್ಕೂಟರಿನ ವಂಶವನ್ನೂ ಸೇರಿಸಿ ಒಂದು ಬೈಗುಳ ಬೈದ. ಅಷ್ಟು ಚೆಂದದ ಮಾತನ್ನು ಕೇಳಿ ಎಷ್ಟು ಕಾಲವಾಗಿತ್ತೋ.

ಆದ್ದರಿಂದ ತಮ್ಮಲ್ಲಿ ವಿನಂತಿ ಇಷ್ಟೇ: ಮಕ್ಕಳ ಕಥೆಯಲ್ಲಿ ಓಟದ ನಡುವೆ ಮರದಡಿ ಗೊರಕೆ ಹೊಡೆದ ತಮ್ಮ ಹಿರಿಯರ ಆದರ್ಶವನ್ನು ತಾವೂ ಪಾಲಿಸಿ, ಕನಿಷ್ಠ ಇಳಿಜಾರುಗಳಲ್ಲಾದರೂ ನಿದ್ದೆ ಮಾಡಬೇಕು.

ಆಮೆಯವರ ಕೃಪೆಯಲ್ಲಿ ಬದುಕುಳಿದಿರುವ,
ತಮ್ಮ ವಿಶ್ವಾಸಿ,
ಮಾಜಿ ಬಸ್ ಚಾಲಕ, ಹಾಲಿ ಸ್ಕೂಟರ್ ಸವಾರ

ತಾ.ಕ.: ಮಗಳು ಗಾಯಕ್ಕೆ ಹಾಕುವ ಬಿಳಿ ಪಟ್ಟಿಯಿಂದ ತಮ್ಮ ಮುಖವನ್ನು ನಾಬಿನ ಸಮೇತ ಅಂಟಿಸಿಬಿಟ್ಟಿದ್ದಾಳೆ. ತಮಗೆ ಉಸಿರಾಡಲು ಅನುಕೂಲವಾಗಲೆಂದು ಅದರ ಒಂದು ಮೂಲೆಯನ್ನು ಉಗುರಿನಿಂದ ಬಿಡಿಸಿಟ್ಟಿದ್ದೇನೆ. ಶನಿವಾರ ಕಂಡಕ್ಟರು ತಾನೂ ಒಂದು ಸ್ಕೂಟರು ತರುತ್ತಾನಂತೆ, ಡಿಪೋ ಮುಂದಿನ ರಸ್ತೆ ನೇರವಾಗಿಯೂ ಸಮತಟ್ಟಾಗಿಯೂ ಇದೆ; ಅಂದು ತಾವು ಕಣ್ಣು ಮುಚ್ಚಿದಿರೋ, ನಾಬಿನ ಮೇಲೆ ತಮ್ಮ ಜಾಗದಲ್ಲಿ ಬೆಕ್ಕಿನ ಚಿತ್ರ ಅಂಟಿಸುತ್ತೇನೆ.