ಜೀಪಿಗೆ ಬಟ್ಟೆ ಹೊಲಿದ ತಪ್ಪಿಗೆ

ನನಗೆ ಸಿಟ್ಟು ಬಂದಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡುವೆ ಎಲ್ಲಾದರೂ ನಾನು ನಕ್ಕಂತೆ ಕಂಡರೆ ನಂಬಬೇಡಿ.

ನಾನು ಬಟ್ಟೆ ಹೊಲಿಯುವವಳು. ಈ ಬೀದಿಯ ಮುಕ್ಕಾಲು ಪಾಲು ಜನರ ಸೊಂಟದ ಸುತ್ತಳತೆ ನನಗೆ ಬಾಯಿಪಾಠ (ಅವರವರು ಹೇಳಿಕೊಳ್ಳುವುದಲ್ಲ, ನಿಜವಾದದ್ದು). ಇಂಥ ನನ್ನ ಮಿಷನ್ನಿಗೆ ಮನೆಯಲ್ಲಿ ಸಿಕ್ಕಿರುವ ಸ್ಥಾನ ಬಚ್ಚಲಮನೆಯ ಬಾಗಿಲ ಪಕ್ಕ. ಯಾರು ಸ್ನಾನ ಮುಗಿಸಿ ಬಾಗಿಲು ತೆಗೆದರೂ ಅದು ನನ್ನ ಬೆನ್ನಿಗೆ ಬಡಿಯುತ್ತದೆ, ನೇರ ಹೋಗುತ್ತಿದ್ದ ಹೊಲಿಗೆ ಸೊಟ್ಟಗಾಗುತ್ತದೆ. ಅಳತೆ ಕೊಡಲು ಬಂದ ಹೆಂಗಸರು ಕೈ ಎತ್ತಿ ನಿಂತಿರುವಾಗ ನಮ್ಮ ಯಜಮಾನರು ಟವೆಲ್ ಸುತ್ತಿಕೊಂಡು, ಸ್ವಲ್ಪ ದಾರಿ ಬಿಡಿ ಎನ್ನುತ್ತಾ ಹಾದುಹೋಗುತ್ತಾರೆ. ಆ ದಿವ್ಯದರ್ಶನವಾದ ಮೇಲೆ ಇಬ್ಬರು ಗಿರಾಕಿಗಳು ಬೇರೆ ಟೈಲರನ್ನು ಹುಡುಕಿಕೊಂಡರು.

ಹಾಗಂತ ಜಾಗವಿಲ್ಲವೇ? ಇದೆ. ಗೇಟಿನ ಪಕ್ಕ ಗಾಳಿ ಬೆಳಕು ಧಾರಾಳವಾಗಿರುವ ಶೆಡ್ಡಿದೆ. ಅದರಲ್ಲಿ ಯಜಮಾನರ ಹಳೇ ಜೀಪು ವಿರಾಜಮಾನವಾಗಿದೆ. ಬೆಟ್ಟ ಹತ್ತಲು, ಹೊಳೆ ದಾಟಲು ಅವತರಿಸಿದ ಗಾಡಿಯಂತೆ. ನಾನು ಕಂಡ ಹಾಗೆ ಅದು ದಾಟಿರುವುದು ನಮ್ಮ ಗೇಟನ್ನು, ಅದೂ ಹಿಂದಿನಿಂದ ನಾಲ್ಕು ಜನ ತಳ್ಳಿದಾಗ. ಅದರ ಬಗ್ಗೆ ಮಾತಾಡುವಾಗ ಅವರ ಬಾಯಲ್ಲಿ ಬಹುವಚನ ಬಿಟ್ಟು ಬೇರೆ ಬರುವುದಿಲ್ಲ: ಇವತ್ತು ಯಾಕೋ ಇವರು ಮಂಕಾಗಿದ್ದಾರೆ, ಇವರಿಗೆ ಚಳಿ ಆಗಿಬರುವುದಿಲ್ಲ. ನನಗಾದರೆ, ಲೇ, ಟಾರ್ಚು ಹಿಡಿ.

ಮಾರಿಬಿಡಿ ಎಂದಾಗಲೆಲ್ಲ ಅವರ ಬತ್ತಳಿಕೆಯಲ್ಲಿ ಒಂದೇ ಬ್ರಹ್ಮಾಸ್ತ್ರ: ಚಾವಣಿ. ಜೀಪಿನ ತಗಡಿನ ಚಾವಣಿಗೆ ಒಳಗಡೆಯಿಂದ ಹೊದಿಸಿದ್ದ ಬಟ್ಟೆ ಹರಿದು ಜೋತುಬಿದ್ದಿತ್ತು. ಹಿಂದೆ ಕೂತವರು ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದುಕೊಂಡೇ ಪ್ರಯಾಣ ಮಾಡಬೇಕು. ಬಟ್ಟೆಯ ಹಿಂದಿನ ಹಳದಿ ಸ್ಪಂಜು ಪುಡಿಪುಡಿಯಾಗಿ ತಲೆಗೆಲ್ಲ ಉದುರುತ್ತಿತ್ತು. ಇಂಥ ಸ್ಥಿತಿಯಲ್ಲಿ ಇವರನ್ನು ಹೊರಗಿನವರಿಗೆ ತೋರಿಸುವುದಾದರೂ ಹೇಗೆ, ಮೊದಲು ಚಾವಣಿ ಆಗಲಿ, ಆಮೇಲೆ ಖಂಡಿತ ಮಾರೋಣ ಎನ್ನುವರು. ಆ ಕೆಲಸ ಬಲ್ಲವರು ಈಗ ಯಾರೂ ಉಳಿದಿಲ್ಲ ಎಂದು ನಿಟ್ಟುಸಿರೂ ಬಿಡುವರು. ಆ ನಿಟ್ಟುಸಿರಿನಲ್ಲಿ ಎಷ್ಟು ನೆಮ್ಮದಿ ಇತ್ತೆಂದು ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಹೋದ ವಾರ ಅತ್ತೆ ಬಚ್ಚಲಿಂದ ಬಾಗಿಲು ದೂಡಿಕೊಂಡು ಬಂದ ರಭಸಕ್ಕೆ ಮಿಷನ್ನಿನ ಸೂಜಿ ನನ್ನ ಬೆರಳಿಗೇ ಇಳಿಯಿತು. ಬೆರಳು ಚೀಪಿಕೊಂಡೇ ಘೋಷಿಸಿದೆ.

"ಆ ಚಾವಣಿ ನಾನೇ ಹೊಲೀತೀನಿ. ಆದ ತಕ್ಷಣ ಜೀಪು ಹೊರಗೆ, ನನ್ನ ಮಿಷನ್ನು ಶೆಡ್ಡಿಗೆ."

"ಅದೇನು ದಿಂಬಿನ ಚೀಲ ಅಂದ್ಕೊಂಡ್ಯಾ?" ಎಂದರು ಯಜಮಾನರು.

ಆ ಮಾತು ಆಡಬಾರದಿತ್ತು. ಮಾರನೇ ಬೆಳಿಗ್ಗೆ ಹಳೇ ಬಟ್ಟೆಯನ್ನು ಸರ್ರನೆ ಕಿತ್ತೆ. ಮೇಲೆ ಐದು ಬಾಗಿದ ಕಬ್ಬಿಣದ ಕಂಬಿಗಳು ಕಂಡವು. ಬಟ್ಟೆಯ ಹಿಂಬದಿಗೆ ಅಡ್ಡಡ್ಡ ಪಟ್ಟಿ ಹೊಲಿದು, ಪೈಜಾಮಕ್ಕೆ ಲಾಡಿ ತೂರಿಸಿದ ಹಾಗೆ ಅದರಲ್ಲಿ ಕಂಬಿ ತೂರಿಸಿ, ಕಂಬಿಗಳನ್ನು ಚಾವಣಿಗೆ ಸಿಕ್ಕಿಸಿ, ಸುತ್ತಲಿನ ಅಂಚನ್ನು ಬಿಗಿಯಾಗಿ ಎಳೆದು ಅಂಟಿಸಬೇಕು. ಯಾರಿಗೂ ಬಾರದ ಮಹಾವಿದ್ಯೆ ಅಂದದ್ದು ಇದನ್ನೇ.

ಹಳೇ ಬಟ್ಟೆ ಹಾಸಿ ಅದರ ಅಳತೆಗೇ ಕತ್ತರಿಸು ಎಂದು ಯಜಮಾನರ ಅಪ್ಪಣೆಯಾಯಿತು. ಅಷ್ಟು ಕಾಲ ಜೋತಾಡಿದ ಬಟ್ಟೆ ಹಿಗ್ಗಿರುತ್ತದೆ, ಅದರ ಅಳತೆಗೆ ಹೊಲಿದರೆ ಹೊಸದೂ ಜೋಲುತ್ತದೆ ಎಂದೆ. ನೀನು ಜೀಪು ಕಂಡಿದ್ದೀಯಾ ಎಂದರು. ನೀವು ಸೂಜಿ ಕಂಡಿದ್ದೀರಾ ಎಂದೆ. ಅತ್ತೆ ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಇಬ್ಬರದೂ ತಪ್ಪು ಎಂದು ತೀರ್ಪು ಕೊಡುತ್ತಿದ್ದರು. ಕೊನೆಗೆ ನಾನು ತಗಡಿಗೇ ಟೇಪು ಹಿಡಿದು, ನನಗೆ ಸರಿ ಕಂಡ ಹಾಗೆ ಬೂದು ಬಣ್ಣದ ಬಟ್ಟೆ ಕತ್ತರಿಸಿದೆ. ಮೊದಲ ಸಲ ಮೂಲೆಯಲ್ಲಿ ಸುಕ್ಕು ಬಂತು. ಬಿಚ್ಚಿ ಮತ್ತೆ ಹೊಲಿದೆ. ಯಜಮಾನರ ಮುಖ ಅರಳಿದ್ದನ್ನು ನೋಡಿ ಇನ್ನಷ್ಟು ಉರಿಯಿತು.

ಎರಡನೇ ಸಲ ಅವರು ಹಿಂದಿನಿಂದ ಬಟ್ಟೆ ಎಳೆದು ಹಿಡಿದರು, ನಾನು ಸೀಟಿನ ಮೇಲೆ ಮಂಡಿಯೂರಿ ಅಂಟಿನ ಅಂಚನ್ನು ಅಂಗೈಯಿಂದ ಒತ್ತುತ್ತಾ ಬಂದೆ. ಕೊನೆಯ ಮೂಲೆ ಮುಗಿಸಿ ಇತ್ತ ತಿರುಗಿದರೆ ನಾನು ತಿರುಗಿದೆ, ತಲೆ ತಿರುಗಲಿಲ್ಲ.

"ರೀ, ಕೂದಲು ಅಂಟಿಕೊಂಡಿದೆ. ಆ ಅಂಚು ಸ್ವಲ್ಪ ಬಿಡಿಸಿ."

ಅವರು ಬಗ್ಗಿ ಬಟ್ಟೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಬಟ್ಟೆ ನೋಡಿದರು.

"ಬಿಡಿಸಿದ್ರೆ ಸುಕ್ಕು ಬರುತ್ತೆ ಕಣೇ. ಕೂದಲಾದ್ರೆ ಬೆಳೆಯುತ್ತೆ."

ನಾನು ಯಾರಿಗೂ ಮುಟ್ಟಲು ಕೊಡದ ನನ್ನದೇ ಕತ್ತರಿ ಅವರ ಕೈಯಲ್ಲಿ ಕರ್ ಎಂದಿತು. ಕೈಗೆ ಸಿಕ್ಕಿದ್ದರೆ ಆ ಗಂಡಸನ್ನು ಅದೇ ಅಂಟಿನ ಡಬ್ಬಿಯಲ್ಲಿ ಅದ್ದುತ್ತಿದ್ದೆ. ಆದರೆ ಹೇಳಲು ನಾಚಿಕೆಯಾಗುತ್ತದೆ, ಬಿಡುಗಡೆಯಾದ ಕೂಡಲೇ ನಾನು ಮುಟ್ಟಿ ನೋಡಿಕೊಂಡದ್ದು ತಲೆಯನ್ನಲ್ಲ. ಸುಕ್ಕು ಬಂತೇ ಎಂದು ಮೇಲೆ ನೋಡಿದೆ.

ಬಂದಿರಲಿಲ್ಲ. ಈ ತುದಿಯಿಂದ ಆ ತುದಿಗೆ ಒಂದೇ ಒಂದು ಗೆರೆಯಿಲ್ಲದೆ ತಮಟೆಯ ಹಾಗೆ ಬಿಗಿದುಕೊಂಡಿತ್ತು. ನಾನು ಮಾಡಿದ ಯಾವುದನ್ನೂ ಈವರೆಗೆ ಚೆನ್ನಾಗಿದೆ ಅನ್ನದ ಅತ್ತೆ ಒಳಗೆ ಹತ್ತಿ ಕೂತು, ಬಾಗಿಲೆಳೆದುಕೊಂಡು, ತಂಪಾಗಿದೆ ಎಂದರು. ಆಮೇಲಿನ ಎರಡು ದಿನ ಅಂಟು ಒಣಗಿದೆಯೋ ನೋಡಬೇಕೆಂದು ನಾನು ಶೆಡ್ಡಿಗೆ ಹೋಗಿಬಂದದ್ದಕ್ಕೆ ಲೆಕ್ಕವಿಲ್ಲ.

ಜೀಪು ಕೊಳ್ಳುವವರನ್ನು ಹುಡುಕಿದ್ದೂ ನಾನೇ. ನನ್ನ ಗಿರಾಕಿಯೊಬ್ಬಳ ಗಂಡ, ಶೆಡ್ಡಿನೊಳಗೂ ಕಪ್ಪು ಕನ್ನಡಕ ತೆಗೆಯದ ಮನುಷ್ಯ. ಚಕ್ರ ಒದ್ದು ನೋಡಿದ, ಬಾನೆಟ್ಟಿನೊಳಗೆ ಕೈಹಾಕಿ ನೋಡಿದ. ಎಂದೂ ಒಂದೇ ಏಟಿಗೆ ಸ್ಟಾರ್ಟ್ ಆಗದ ಇಂಜಿನ್ನು ಅವತ್ತು ಒಂದೇ ಏಟಿಗೆ ಸ್ಟಾರ್ಟ್ ಆಗಿ ಯಜಮಾನರಿಗೆ ದ್ರೋಹ ಬಗೆಯಿತು. ಅವರು ಮೆಟ್ಟಿಲ ಮೇಲೆ ಸಾವಿನ ಮನೆಯವರಂತೆ ಕೂತಿದ್ದರು. ಗಾಡಿ ಒಪ್ಪಿಗೆ, ಇವತ್ತೇ ಒಯ್ಯುತ್ತೇನೆ ಎಂದ ಕನ್ನಡಕದವನು. ನಾನು ಆಗಲೇ ಮನಸ್ಸಿನಲ್ಲಿ ಮಿಷನ್ನನ್ನು ಕಿಟಕಿಯ ಬಳಿ ಇಟ್ಟು, ಕನ್ನಡಿಯನ್ನು ಎದುರು ಗೋಡೆಗೆ ತೂಗುಹಾಕಿಯಾಗಿತ್ತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ?

"ಚಾವಣಿ ನೋಡಲೇ ಇಲ್ವಲ್ಲ," ಎಂದೆ.

ಅವನು ಒಳಗೆ ತಲೆಹಾಕಿ, ಬಾನೆಟ್ಟಿನ ಮಸಿ ಹತ್ತಿದ ಬೆರಳಿನಿಂದಲೇ ನನ್ನ ಬಟ್ಟೆಯನ್ನು ತಿವಿದ.

"ಇದಾ? ನಾಳೆ ತಗಡು ಸಮೇತ ಕಿತ್ತು ಬಿಸಾಕಿಸ್ತೀನಿ ಬಿಡಿ. ನನಗೆ ಮೇಲೆ ಓಪನ್ ಇರ್ಬೇಕು, ಗಾಳಿ ಬೇಕು."

"ಮೊದಲು ಬೆರಳು ತೆಗೀರಿ. ಗಾಡಿ ಮಾರಾಟಕ್ಕಿಲ್ಲ."

ಯಾರು ಹಾಗಂದವರು ಎಂದು ಯಜಮಾನರ ಕಡೆ ತಿರುಗಿದೆ. ಅವರು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಅಂದಮೇಲೆ ಮುಂದಿನದನ್ನೂ ನಾನೇ ಹೇಳಬೇಕಾಯಿತು. ಗಾಳಿ ಬೇಕಿದ್ದರೆ ಹೋಗಿ ಮಹಡಿಯ ಮೇಲೆ ನಿಂತುಕೊಳ್ಳಿ ಎಂದೆ. ಕೂದಲು ಕೊಟ್ಟು ಹೊಲಿದದ್ದು ಕಿತ್ತು ಬಿಸಾಡಲಿಕ್ಕಲ್ಲ ಎಂದೆ. ಕನ್ನಡಕದವನು ಹೋದ, ಅವನ ಜೊತೆ ಅವನ ಹೆಂಡತಿ ಎಂಬ ಗಿರಾಕಿಯೂ ಹೋದಳು. ಅತ್ತೆ ಕುರ್ಚಿ ಮಡಿಚಿಕೊಂಡು ಎದ್ದರು. ಇಷ್ಟು ವರ್ಷ ನನ್ನ ಮಗನಿಗೆ ಧೈರ್ಯವಾಗಿ ಹೇಳಲಾಗದ ಮಾತನ್ನು ನೀನೇ ಹೇಳಿಬಿಟ್ಟೆಯಲ್ಲ ಎಂದು ಒಳಗೆ ಹೋದರು.

ನಾನು ಸೋಪಿನ ನೀರು ತಂದು, ಸೀಟಿನ ಮೇಲೆ ಮಂಡಿಯೂರಿ, ಆ ಬೆರಳ ಗುರುತನ್ನು ಉಜ್ಜುತ್ತಾ ಕೂತೆ. ಯಜಮಾನರು ಬಹಳ ಹೊತ್ತು ಬಾಗಿಲ ಬಳಿ ಸುಳಿದಾಡಿ, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಅಲ್ಲ ಕಣೇ, ಸೀಟಿನ ಕವರೂ ಇದೇ ಬಣ್ಣದ್ದು ಆದ್ರೆ..."

"ಸುಮ್ನಿರ್ರೀ," ಎಂದು ರೇಗಿದೆ. "ಈ ಬಣ್ಣ ಸೀಟಿಗೆ ಹಾಕಿದ್ರೆ ಎರಡೇ ದಿನಕ್ಕೆ ಕೊಳೆಯಾಗುತ್ತೆ. ಅದಕ್ಕೆ ಇನ್ನೊಂಚೂರು ಗಾಢ ಬೇಕು."