ದುಂಡವ್ವನಿಗೆ ಬಂದ ಕಾಗದ

ಎದುರಿಗೆ ನಿಂತು ಸುಳ್ಳು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ನಾಲಗೆ ತೊದಲುತ್ತದೆ, ಕಿವಿ ಕೆಂಪಗಾಗುತ್ತದೆ, ಕೇಳುವವರು ನಗಲು ಶುರು ಮಾಡುತ್ತಾರೆ. ಆದರೆ ಕೈಗೊಂದು ಇನ್‌ಲ್ಯಾಂಡ್ ಕಾಗದ ಕೊಟ್ಟು ನೋಡಿ, ನನ್ನಷ್ಟು ಸರಾಗವಾಗಿ ಸುಳ್ಳು ಬರೆಯುವವರು ಸಿಗುವುದು ಕಷ್ಟ. ಎಪ್ಪತ್ತರ ದಶಕದ ನಡುವೆ ಎಂಟು ತಿಂಗಳು ವಿಜಾಪುರದ ಲಾಡ್ಜೊಂದರಲ್ಲಿ ಒಬ್ಬನೇ ಕೂತು, ನಂಜನಗೂಡಿನ ತವರಿನಲ್ಲಿದ್ದ ಹೆಂಡತಿ ಜಯಾಳಿಗೆ ನಾನು ಬರೆದ ಕಾಗದಗಳೆಲ್ಲ ಆ ಜಾತಿಯವೇ. 'ನಾನಿಲ್ಲಿ ಆರಾಮವಾಗಿದ್ದೇನೆ. ಊಟ ಚೆನ್ನಾಗಿದೆ. ಗೆಳೆಯರು ಬಹಳ.' ಇದರಲ್ಲಿ ಊಟದ ಮಾತು ಮಾತ್ರ ನಿಜ. ಗೆಳೆಯನೆಂದರೆ ಖಾನಾವಳಿಯ ಮಾಲಕನೊಬ್ಬ. ಆತನಿಗೂ ನನ್ನ ಹೆಸರು ಗೊತ್ತಿರಲಿಲ್ಲ. ರೊಟ್ಟಿ ಬಿಟ್ಟು ಅನ್ನ ಕೇಳುತ್ತಿದ್ದುದರಿಂದ 'ಅನ್ನದ ಸಾಹೇಬ್ರು' ಎನ್ನುತ್ತಿದ್ದ.

ಪರದೇಶಕ್ಕೆ ಹೋಗಲು ಹಡಗು ಹತ್ತಬೇಕು ಎನ್ನುವವರು ಆ ಕಾಲದಲ್ಲಿ ಮೈಸೂರಿನ ಕಡೆಯಿಂದ ವಿಜಾಪುರಕ್ಕೆ ವರ್ಗವಾಗಿ ಹೋದವರಲ್ಲ. ಹಳ್ಳಿಹಳ್ಳಿಯ ಮಳೆಮಾಪಕ ನೋಡಿ ಲೆಕ್ಕ ಬರೆದುಕೊಳ್ಳುವುದು ನನ್ನ ಸರಕಾರಿ ಕೆಲಸ. ಮಳೆ ಯಾವಾಗಲೋ ಒಮ್ಮೆ ಬರುವ ಸೀಮೆಗೆ ಮಳೆ ಅಳೆಯುವವನನ್ನು ಕಳಿಸಿದ ಇಲಾಖೆಯ ಜಾಣತನವನ್ನು ಬಿಡಿ. ಅಲ್ಲಿನ ಮಾತೂ ಕನ್ನಡವೇ, ನನ್ನ ಮಾತೂ ಕನ್ನಡವೇ. ಆದರೂ ನಾನು ಬಾಯಿ ಬಿಟ್ಟ ಕೂಡಲೇ "ಮೈಸೂರ ಸೀಮಿಯವ್ರೇನ್ರಿ? ಬರ್ರಿ, ಕುಂಡ್ರಿ" ಎಂದು ಕುರ್ಚಿ ಎಳೆದು ಕೊಡುತ್ತಿದ್ದರು. ಮರ್ಯಾದೆ ದೊಡ್ಡದೇ, ಆದರೆ ಮನೆಯವನಿಗೆ ಯಾರೂ ಕುರ್ಚಿ ಎಳೆದು ಕೊಡುವುದಿಲ್ಲ. ಭಾನುವಾರ ಬಂದರೆ ನನಗೆ ಭಯವಾಗುತ್ತಿತ್ತು. ಬೆಳಗ್ಗೆ ಒಗೆದ ಅಂಗಿ ಆ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಒಣಗಿಬಿಡುತ್ತಿತ್ತು. ಆಮೇಲೆ ಸಂಜೆಯವರೆಗೆ ಮಾಡಲು ಏನೂ ಇರುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತು ಟಾಂಗಾ ಸ್ಟ್ಯಾಂಡಿನ ಕುದುರೆಗಳನ್ನು ನೋಡುತ್ತಿದ್ದೆ. ಒಣಗಿದ ಅಂಗಿಯನ್ನು ಮತ್ತೊಮ್ಮೆ ಒಗೆದದ್ದೂ ಉಂಟು.

ಮನೆ ಮಾಡಿ ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಕಷ್ಟ ಇದ್ದದ್ದೇ ಅಲ್ಲಿ. ನನ್ನ ಮಾವನವರು ಖಡಾಖಂಡಿತವಾಗಿ ಬರೆದಿದ್ದರು: 'ಮೊದಲು ಮನೆ ಮಾಡಿ, ಆಮೇಲೆ ಮಗಳನ್ನು ಕಳಿಸುತ್ತೇವೆ. ಲಾಡ್ಜಿಗೆ ಹೆಣ್ಣು ಕಳಿಸುವ ವಂಶ ನಮ್ಮದಲ್ಲ.' ವಿಜಾಪುರದವರು ಅಷ್ಟೇ ಖಡಾಖಂಡಿತವಾಗಿ, ಮೊದಲು ಹೆಂಡತಿಯನ್ನು ತೋರಿಸಿ, ಆಮೇಲೆ ಮನೆ ಎನ್ನುತ್ತಿದ್ದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಎರಡು ನ್ಯಾಯಗಳ ನಡುವೆ ಎಂಟು ತಿಂಗಳು ಸಿಕ್ಕಿಹಾಕಿಕೊಂಡವನು ನಾನು.

ಊರಲ್ಲಿ ಸಿಗದಿದ್ದರೆ ಹಳ್ಳಿಯಲ್ಲಾದರೂ ಸಿಕ್ಕೀತೆಂದು, ಮಳೆಮಾಪಕ ನೋಡಲು ಹೋದ ಕಡೆಯೆಲ್ಲ ವಿಚಾರಿಸಿದೆ. ತಿಕೋಟಾದಲ್ಲಿ ಒಬ್ಬರು ಮನೆ ತೋರಿಸಿದರು. ಬಾಗಿಲು ದಾಟಿದರೆ ಎರಡು ಎತ್ತು, ಎತ್ತು ದಾಟಿ ಮೆಟ್ಟಿಲು ಹತ್ತಿದರೆ ನನ್ನ ಕೋಣೆ. "ಎತ್ತಿಂದೇನ್ ತ್ರಾಸಿಲ್ರಿ, ಗಪ್ಪನ ಇರ್ತಾವ" ಎಂದರು. ನನಗಿದ್ದ ಒಂಟಿತನದಲ್ಲಿ ಎತ್ತಿನ ಜೊತೆಯೂ ಬೇಡವಾಗಿರಲಿಲ್ಲ, ಒಪ್ಪಿಕೊಂಡೆ. ಆಗ ಅವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ, "ಮನ್ಯಾಗಿನವ್ರು ಎಲ್ಲದಾರ?" ಎಂದರು. ಅಲ್ಲಿಗೆ ಮುಗಿಯಿತು. ಬಬಲೇಶ್ವರದಲ್ಲಿ ಮನೆ ಕೇಳಲು ಹೋದರೆ ಮೊದಲು ಕೈಗೆ ನೀರು ಕೊಟ್ಟು ಊಟಕ್ಕೆ ಕೂರಿಸಿದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೂರನೆಯ ರೊಟ್ಟಿ ಮುರಿಯುವಾಗ ಯಜಮಾನರು, "ಸೊಸಿಯಂದಿರಿದ್ದ ಮನಿರಿ, ಒಬ್ಬ ಗಂಡಸಿಗೆ ಹ್ಯಾಂಗ ಕೊಡೂಣು? ಬ್ಯಾಸರ ಮಾಡ್ಕೋಬ್ಯಾಡ್ರಿ, ಇನ್ನೊಂದ್ ರೊಟ್ಟಿ ನೀಡಸ್ಕೋರಿ" ಎಂದರು. ಆ ಸೀಮೆಯಲ್ಲಿ ಯಾರೂ ನನಗೆ ಮನೆ ಕೊಡಲಿಲ್ಲ, ಯಾರೂ ನನ್ನನ್ನು ಉಪವಾಸವೂ ಕಳಿಸಲಿಲ್ಲ.

ಕೊನೆಗೆ ವಿಜಾಪುರದ ಅಂಚಿನ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ದುಂಡವ್ವ ಎಂಬ ಮುದುಕಿಯ ಮನೆ ಸಿಕ್ಕಿತು. ಸಿಕ್ಕಿತು ಎಂದರೆ ಕಣ್ಣಿಗೆ ಸಿಕ್ಕಿತು. ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಎರಡು ಮನೆ, ಒಂದರಲ್ಲಿ ಆಕೆ, ಇನ್ನೊಂದು ಖಾಲಿ. ಮಗ ರೈಲ್ವೆ ಗ್ಯಾಂಗಿನಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ.

"ಹೆಣ್ಮಗಳನ್ನ ನೋಡದೆ ಮನಿ ಕೊಡಂಗಿಲ್ರಿ ಸಾಹೇಬ್ರ. ಅಂಗಳ ಒಂದ, ನಳಾ ಒಂದ, ಬೀಸುಕಲ್ಲ ಒಂದ. ಕೂಡಿ ಇರಾಕಿ ಆಕಿ, ಜಗಳಾಡಾಕಿ ಆಕಿ. ನಿಮ್ದೇನೈತಿ, ಮುಂಜಾನೆ ಹೋಗಿ ಸಂಜೀಕ ಬರಾವ್ರು" ಎಂದು ದುಂಡವ್ವ ಖಾಲಿ ಮನೆಗೆ ಮತ್ತೆ ಕೀಲಿ ಹಾಕಿದಳು.

ಇದನ್ನು ಜಯಾಳಿಗೆ ಬರೆದೆ. ಅವಳು ಆ ಮನೆಯ ವಿಳಾಸ ಕೇಳಿದಳು, ಅದನ್ನೂ ಬರೆದೆ. ಹತ್ತು ದಿನದ ನಂತರ ಒಂದು ಮಧ್ಯಾಹ್ನ ದುಂಡವ್ವ ಕಚೇರಿಗೇ ಬಂದಳು. ಕೈಯಲ್ಲಿ ಒಂದು ಇನ್‌ಲ್ಯಾಂಡ್. "ನನಗ ಕಾಗದ ಬಂದೈತ್ರಿ. ನಿಮ್ಮ ಸೀಮಿದಂತ, ಟಪಾಲಿನಾಂವ ಹೇಳಿದಾ. ಮಗಾ ಬರಾಕ ಇನ್ನ ನಾಕ್ ದಿನ ಐತಿ. ಬಂದು ಓದಿ ಹೇಳ್ರಿ." ವಿಳಾಸದ ಅಕ್ಷರ ನೋಡಿದೆ. ಜಯಾಳದು.

ಸಂಜೆ ಅವಳ ಅಂಗಳದಲ್ಲಿ ಕೂತು ಓದಿದೆ. 'ದುಂಡವ್ವನವರಿಗೆ ನಮಸ್ಕಾರಗಳು. ನೀವು ನನ್ನನ್ನು ನೋಡಬೇಕು ಎಂದಿರಂತೆ. ಬರಲು ಆಗುತ್ತಿಲ್ಲವಾದ್ದರಿಂದ ಸದ್ಯಕ್ಕೆ ಕಾಗದದಲ್ಲೇ ನೋಡಿಕೊಳ್ಳಿ. ನಾನು ಕುಳ್ಳಿ, ಬಣ್ಣ ಕಪ್ಪು. ಬಾಯಿ ಸ್ವಲ್ಪ ಜೋರು, ಆದರೆ ಬೆಳಗ್ಗೆ ನಲ್ಲಿಯ ಹತ್ತಿರ ಆಡಿದ ಜಗಳವನ್ನು ಸಂಜೆಗೆ ಮರೆಯುತ್ತೇನೆ. ರೊಟ್ಟಿ ತಟ್ಟಲು ಬರುವುದಿಲ್ಲ, ನೀವು ಕಲಿಸಿದರೆ ಕಲಿಯುತ್ತೇನೆ.' ದುಂಡವ್ವನ ಮುಖ ಅರಳಿತು. ನಾನು ಪುಟ ಮಗುಚಿ ಮುಂದಿನ ಸಾಲು ಕಣ್ಣಾಡಿಸಿದವನೇ, 'ಇಂತಿ ನಮಸ್ಕಾರ' ಎಂದು ಮುಗಿಸಿ ಕಾಗದ ಮಡಿಚಿದೆ.

"ಮುಗೀತೇನ್ರಿ?"

"ಮುಗೀತು."

"ಹಿಂದ ಮುಂದ ತುಂಬ ಬರದಾಳ. ನೀವು ಓದಿದ್ದು ಒಂದ ಮಗ್ಗಲ." ಓದು ಬರದವರ ಕಣ್ಣಿಗೆ ಕಾಗದ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ನನಗೆ ಅಂದೇ ಗೊತ್ತಾದದ್ದು.

ಓದಲೇಬೇಕಾಯಿತು. 'ನಮ್ಮವರು ಆರಾಮವಾಗಿದ್ದೇನೆ ಎಂದು ಬರೆಯುತ್ತಾರೆ. ಅದು ಸುಳ್ಳು. ಆರಾಮವಾಗಿದ್ದರೆ ಅವರು ಎರಡು ಸಾಲಿಗಿಂತ ಹೆಚ್ಚು ಬರೆಯುವವರಲ್ಲ. ಈಗ ಅಂಚಿನಲ್ಲೂ ಜಾಗ ಬಿಡುವುದಿಲ್ಲ. ಊರಿಂದ ಹೊರಟ ದಿನ ರೈಲಿನ ಕಿಟಕಿಯಲ್ಲಿ ಅತ್ತರು, ಕಣ್ಣಿಗೆ ಧೂಳು ಬಿತ್ತು ಎಂದರು. ಅವರಿಗೆ ಒಬ್ಬರೇ ಇರಲು ಬರುವುದಿಲ್ಲ. ದಯವಿಟ್ಟು ಮನೆ ಕೊಡಿ.'

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಷರ ಕಾಣಿಸುತ್ತಿರಲಿಲ್ಲ. ಎಂಟು ತಿಂಗಳು ನಾನು ಮುಚ್ಚಿಟ್ಟದ್ದನ್ನು ಅವಳು ಮೊದಲ ಕಾಗದದಲ್ಲೇ ಓದಿಬಿಟ್ಟಿದ್ದಳು. ನಾಚಿಕೆಯೂ ಆಯಿತು, ಎದೆಯೂ ಹಗುರಾಯಿತು. ದುಂಡವ್ವ ನನ್ನನ್ನೇ ನೋಡುತ್ತಿದ್ದಳು. "ಧೂಳು" ಎಂದೆ.

"ಆಕಿಗೂ ಅದನ್ನ ಹೇಳಿದ್ದಿ" ಎಂದಳು. ಅಲ್ಲಿಂದ ಮುಂದೆ ನಾನು ಆಕೆಗೆ ಸಾಹೇಬನಲ್ಲ. "ಯಪ್ಪಾ, ಹಾಳಿ ತಗಿ. ಆಕಿಗೆ ನಾ ಹೇಳ್ದಂಗ ಬರಿ. ಮನಿ ಕೊಟ್ಟೇನಿ. ಬರದಿ? ನಿನ್ನ ಗಂಡ ಸೊರಗ್ಯಾನ."

"ಸ್ವಲ್ಪ ಸೊರಗಿದ್ದಾನೆ ಅಂತ ಬರೀಲಾ?"

"ಸ್ವಲ್ಪ ಅಂತ ನಾ ಅಂದಿಲ್ಲ. ಅಂಗಳದಾಗ ಕುಂತು ಅಳಾಕತ್ತಾನ, ಲಗೂನ ಬಾ ಅಂತ ಬರಿ."

ಬರೆದೆ. ಮುಗಿದ ಮೇಲೆ ಓದಿಸಿದಳು, ಸಾಲು ಎಣಿಸಿದಳು, ಹೆಬ್ಬೆಟ್ಟು ಒತ್ತಿದಳು. ನಾನು ಬರೆದ ಕಾಗದಗಳಲ್ಲಿ ಸುಳ್ಳಿಲ್ಲದ್ದು ಅದೊಂದೇ ಇರಬೇಕು. ಇನ್ನೇನು ಎಂದು ಕೀಲಿಗೆ ಕೈ ಚಾಚಿದರೆ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. "ಮನಿ ಆಕಿಗೆ ಕೊಟ್ಟೇನಿ, ನಿನಗಲ್ಲ. ಆಕಿ ಬಂದ ಮ್ಯಾಲ ಬಾ."

ಮತ್ತೆ ಲಾಡ್ಜು, ಮತ್ತೆ ಕುದುರೆಗಳು. ಎರಡು ಭಾನುವಾರ ಹೇಗೋ ಕಳೆದೆ. ಉತ್ತರ ಬಂತು. ನನಗಲ್ಲ, ದುಂಡವ್ವನಿಗೆ. ಓದಲು ನನ್ನನ್ನೇ ಕರೆಸಿದಳು. 'ಅಪ್ಪ ಒಪ್ಪಿದರು. ಬರುವ ಸೋಮವಾರದ ಗಾಡಿಗೆ ಬರುತ್ತೇನೆ. ಕಸಬರಿಕೆ ನಾನೇ ತರುತ್ತೇನೆ. ನಮ್ಮವರಿಗೂ ಒಂದು ಮಾತು ತಿಳಿಸಿಬಿಡಿ' ಎಂದಿತ್ತು. ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದಿದೆ. ದುಂಡವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ತನಗೆ ವಹಿಸಿದ ಕೆಲಸವನ್ನು ಅಲ್ಲೇ ಪೂರೈಸಿದಳು.

"ಯಪ್ಪಾ, ನಿನ್ನ ಹೇಣ್ತಿ ಬರಾಕತ್ತಾಳ. ಸೋಮಾರಕ್ಕ."

"ಹೌದಾ" ಎಂದೆ, ಆಗಷ್ಟೇ ಕೇಳಿದವನಂತೆ. ಧ್ವನಿ ಸರಿಯಾಗಿ ಹೊರಡಲಿಲ್ಲ. ಅದನ್ನೂ ಎಲ್ಲಿ ನನ್ನ ಕೈಯಲ್ಲೇ ಬರೆಸುತ್ತಾಳೋ ಎಂದು ಹೆದರಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.