ಅಜ್ಜನ ತಿಥಿ ಹುಡುಕಿದ್ದು

ಸತ್ತವರ ಜಾಡು ಹಿಡಿದು ಹೊರಟವನಿಗೆ ಇಂಥವು ಒಂದಲ್ಲ ಒಂದು ಎದುರಾಗುತ್ತಲೇ ಇರುತ್ತವೆ. ನಗಬೇಕೋ, ಬೆನ್ನ ಹಿಂದೆ ತಿರುಗಿ ನೋಡಬೇಕೋ ತಿಳಿಯುವುದಿಲ್ಲ.

ಕಳಿಸಿದ್ದು

ನಮ್ಮದು ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ ಕನ್ನಡ ನೇಕಾರರ ಮನೆ. ಅತ್ತೆ ತೊಟ್ಟಿಲಲ್ಲಿದ್ದಾಗ ಅವಳ ಅಪ್ಪ, ಎಂದರೆ ನನ್ನ ಅಜ್ಜ, ನೂಲು ತರುತ್ತೇನೆಂದು ಹೋದವನು ಬರಲಿಲ್ಲ. ಕಾದು ಸಾಕಾಗಿ ಹಿರಿಯರು ಸತ್ತನೆಂದೇ ತೀರ್ಮಾನಿಸಿದರು. ದಿನ ಗೊತ್ತಿಲ್ಲದ್ದರಿಂದ ಸತ್ತವರೆಲ್ಲರಿಗೂ ಸಲ್ಲುವ ಆಡಿ ತಿಂಗಳ ಅಮಾವಾಸ್ಯೆಗೆ ಪ್ರತಿ ವರ್ಷ ಎಡೆ ಇಡತೊಡಗಿದರು. ಆಮೇಲೆ ಹುಟ್ಟಿದ ನನಗೆ ಅವನ ಹೆಸರಿಟ್ಟರು. ತಂದೆಯ ಹೆಸರು ಹಿಡಿದು ಕರೆಯಬಾರದೆಂದು ಅತ್ತೆ ನನ್ನನ್ನು ಕರೆಯುವುದೇ ‘ಅಪ್ಪಾ’ ಎಂದು.

ಈಗ ಅವಳಿಗೆ ಮೈ ಸರಿಯಿಲ್ಲ. ತಾನು ಹೋಗುವುದರೊಳಗೆ ಒಮ್ಮೆಯಾದರೂ ಸರಿಯಾದ ದಿನದಂದು ತಿಥಿ ಆಗಬೇಕೆಂಬ ಹಟ. ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: “ಅಪ್ಪಾ, ನೀ ಎಂದು ಸತ್ತೆ ಅಂತ ಕೊಂಚ ವಿಸಾರಿಸ್ಕೊಂಡು ಬಾ.”

ಕಚೇರಿಯಲ್ಲಿ

ಜನನ ಮರಣ ನೋಂದಣಿಯ ಕಿಟಕಿಯಾಚೆ ಕೂತಿದ್ದ ಹೆಂಗಸು ತಮಿಳಿನಲ್ಲಿ ಕೇಳಿದಳು: “ಸತ್ತವರ ಹೆಸರು?” ಹೇಳಿದೆ. “ಅರ್ಜಿ ಕೊಡೋರ ಹೆಸರು?” ಅದನ್ನೇ ಹೇಳಿದೆ. ಊರೂ ಅದೇ. ಅವಳು ತಲೆಯೆತ್ತಿ ನನ್ನನ್ನು ದಿಟ್ಟಿಸಿದಳು. “ಸಾರ್, ಇದಕ್ಕೆ ಸತ್ತವರೇ ಬರಬೇಕಂತಿಲ್ಲ. ವಾರಸುದಾರರನ್ನ ಕಳಿಸಿದ್ರೆ ಸಾಕು.”

ಹಲವು ಸಲ ಅಲೆದ ಮೇಲೆ ಮರಣಪತ್ರದ ನಕಲು ಸಿಕ್ಕಿತು. ಅಜ್ಜನ ತಂದೆಯ ಹೆಸರು, ಹುಟ್ಟಿದ ಊರು ಎರಡೂ ಕೂಡಿಬಂದವು. ಸತ್ತದ್ದು ನಮ್ಮದೇ ಜಿಲ್ಲೆಯ ತೊಂಡಾಮುತ್ತೂರಿನ ಒಂದು ಬಾಳೆತೋಟದಲ್ಲಿ. ತಾರೀಖು ಓದಿ ಅಲ್ಲೇ ಬೆಂಚಿನ ಮೇಲೆ ಕೂತೆ. ಅಂದು ನಾನು ಆಗಲೇ ಶಾಲೆಗೆ ಹೋಗುತ್ತಿದ್ದೆ. ಬದುಕಿದ್ದವನ ಹೆಸರನ್ನು ನನಗಿಟ್ಟು, ಬದುಕಿದ್ದವನಿಗೇ ವರ್ಷವರ್ಷವೂ ಎಡೆ ಇಟ್ಟಿದ್ದರು.

“ತಪ್ಪಿದ್ರೆ ಈಗಲೇ ಹೇಳಿ ಸಾರ್,” ಎಂದಳು ಆಕೆ. “ಸತ್ತ ಮೇಲೆ ತಿದ್ದೋದು ಕಷ್ಟ.”

ಬಾಗಿಲಲ್ಲಿ

ತೊಂಡಾಮುತ್ತೂರಿಗೆ ಹೋದಾಗ ಬೆಟ್ಟದ ನೆರಳು ತೋಟಕ್ಕೆ ಇಳಿದಿತ್ತು. ತೋಟದ ಮನೆಯ ಮುದುಕಿ ಬಾಗಿಲು ತೆರೆದಳು. ಹೆಸರು ಹೇಳಿದೆ. ಅವಳು ನನ್ನ ಮುಖ ನೋಡಿದಳು, ಮೂಗು ನೋಡಿದಳು. ಮೆಲ್ಲಗೆ ಬಗ್ಗಿ ನನ್ನ ಪಂಚೆಯ ಅಂಚಿನ ಕೆಳಗೆ ನೋಡಿದಳು. ದೆವ್ವಕ್ಕೆ ಪಾದವಿರುವುದಿಲ್ಲವೆಂದು ನಮ್ಮ ಕಡೆಯ ನಂಬಿಕೆ.

“ಕಾಲಿದೆ,” ಎಂದಳು. “ವಾ ಕಣ್ಣು, ಒಳಗೆ ವಾ,” ಎಂದು ಮಗುವನ್ನು ಕರೆಯುವಂತೆ ತಮಿಳಿನಲ್ಲಿ ಒಳಗೆ ಕರೆದಳು.

ಅಮಾವಾಸ್ಯೆಯ ಊಟ

“ನಮ್ಮ ತೋಟಕ್ಕೆ ಒಳ್ಳೆ ಆಳು, ಮಾತು ಕಮ್ಮಿ,” ಎಂದು ಮುದುಕಿ ಅಜ್ಜನ ಬಗ್ಗೆ ಹೇಳಿದಳು. “ಆಡಿ ಅಮಾವಾಸ್ಯೆ ದಿನ ಮಾತ್ರ ಊಟಕ್ಕೆ ಕರೆದ್ರೆ ಬರ್ತಿರಲಿಲ್ಲ. ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿರಲ್ಲ, ಹೊಟ್ಟೆ ತುಂಬಿದೆ ಅಂತ ತೇಗ್ತಿದ್ದ. ಯಾರು ಹಾಕಿದ್ರು ಅಂದ್ರೆ ಗೊತ್ತಿಲ್ಲ ಅಂತಿದ್ದ. ಆ ದಿನ ಅವನ ಹತ್ತಿರ ಯಾರೂ ಹೋಗ್ತಿರಲಿಲ್ಲ.”

ಊರಿಗೆ ಬಂದು ಅತ್ತೆಗೆ ಮೊದಲು ತಿಥಿ ಹೇಳಿದೆ. ಅವಳು ಅದನ್ನು ಬಾಯಿಪಾಠ ಮಾಡಿಕೊಂಡಳು. ಆಮೇಲೆ ಉಳಿದದ್ದನ್ನೂ ಹೇಳಿದೆ. ಅವಳು ಹಾಸಿಗೆಯಲ್ಲಿ ಎದ್ದು ಕೂತಳು.

“ಬೇರೆ ಏನಾದ್ರೂ ಹೇಳ್ತಿದ್ರಂತಾ?”

“ಉಪ್ಪು ಸಾಲದು ಅಂತಿದ್ರಂತೆ.”

ಅತ್ತೆ ಕಣ್ಣೊರೆಸಿಕೊಂಡು, ಸಿಟ್ಟಿನಿಂದಲೇ ಹೇಳಿದಳು: “ಎಡೆ ಅಡುಗೇನ ಇಡೋ ಮುಂಚೆ ರುಚಿ ನೋಡಬಾರದು. ಅಮ್ಮನಿಗೆ ಹೆಂಗೆ ತಿಳೀಬೇಕು? ಎರಡು ಬಸ್ಸು ಹತ್ತಿ ಬಂದು ಒಂದು ಮಾತು ಹೇಳಿದ್ರೆ ಹಾಕ್ತಿರಲಿಲ್ಲವಾ?”